ನಡಿಗೆಯ ಇಂಗ್ಲಿಷ್ ಪದಗಳು: ನಿಘಂಟೋ, ಕಾರ್ಡೋ, ಅಭಿನಯವೋ?

ಇಂಗ್ಲಿಷ್ ಕಾದಂಬರಿಗಳನ್ನು ಎಷ್ಟು ಓದಿದರೂ ನಡಿಗೆಯ ಕ್ರಿಯಾಪದಗಳು ಕೈಗೆ ಹತ್ತುವುದಿಲ್ಲ. ಅವು ಓದಿಗೆ ಅಡ್ಡ ಬರುವುದೇ ಇಲ್ಲ, ಅದೇ ತೊಂದರೆ. ಯಾರೋ ಗುಡ್ಡದ ಮೇಲಕ್ಕೆ ‘ಟ್ರಡ್ಜ್’ ಮಾಡಿದ ಎಂದಿದ್ದರೆ ‘ಹತ್ತಿದ’ ಎಂದು ಅಂದಾಜಿಸಿ ಮುಂದಿನ ಸಾಲಿಗೆ ಹೋಗಿಬಿಡುತ್ತೇವೆ. ‘ಓದ್ತಾ ಓದ್ತಾ ತಾನೇ ಬರುತ್ತೆ’ ಎನ್ನುವ ಸಲಹೆ ಈ ಪದಗಳ ಮಟ್ಟಿಗೆ ನಡೆಯಲಿಲ್ಲ. ಬೇರೆ ದಾರಿಗಳನ್ನು ನಾನೂ ಹೈಸ್ಕೂಲಿನಲ್ಲಿರುವ ನನ್ನ ತಂಗಿಯ ಮಗಳೂ ಸೇರಿ ಪರೀಕ್ಷಿಸಿದೆವು.

ಮೊದಲು ಇಂಗ್ಲಿಷ್–ಕನ್ನಡ ನಿಘಂಟು. ಸರಿಯಾದ ಜೋಡಿ ಸಿಕ್ಕರೆ ಇಷ್ಟು ಬೇಗ ಕಲಿಸುವುದು ಬೇರೆ ಯಾವುದೂ ಇಲ್ಲ. ‘ಸ್ಟ್ರೈಡ್’ ಎಂದರೆ ದಾಪುಗಾಲು, ‘ಟಿಪ್‌ಟೋ’ ಎಂದರೆ ತುದಿಗಾಲಲ್ಲಿ ನಡೆ, ‘ಸ್ಟ್ಯಾಗರ್’ ಎಂದರೆ ತೂರಾಡು, ಮುಗಿಯಿತು. ಆದರೆ ‘ಸ್ಟ್ರೋಲ್’, ‘ಆಂಬಲ್’, ‘ಸಾಂಟರ್’ ಮೂರಕ್ಕೂ ಹೆಚ್ಚುಕಡಿಮೆ ‘ಅಡ್ಡಾಡು’, ‘ನಿಧಾನವಾಗಿ ನಡೆ’ ಎಂದೇ ಸಿಗುತ್ತದೆ. ಅಲ್ಲಿಗೆ ಅದರ ಕೆಲಸ ನಿಂತಿತು.

ಸಮಾನಾರ್ಥಕ ಕೋಶವನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. 1852ರಲ್ಲಿ ರೋಜೆಟ್ ತನ್ನ ಥೆಸಾರಸ್ ಪ್ರಕಟಿಸಿದ್ದು, ಪದ ಗೊತ್ತಿದ್ದೂ ಸಮಯಕ್ಕೆ ನೆನಪಾಗದೆ ತಡಕಾಡುವವರಿಗಾಗಿ. ಕಲಿಯುವವರಿಗೆ ಅದು ಬರೀ ಉದ್ದನೆಯ ಪಟ್ಟಿ.

ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟಿನ ಕಥೆ ಬೇರೆ. ಈ ಬಗೆಯ ನಿಘಂಟುಗಳಲ್ಲಿ ಹೆಸರಾದ ಹಾರ್ನ್‌ಬಿಯವರದು 1942ರಲ್ಲಿ ಮೊದಲು ಅಚ್ಚಾಗಿದ್ದು ಜಪಾನಿನಲ್ಲಿ. ಅವರು ಅಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಲಾಂಗ್‌ಮನ್ ನಿಘಂಟು ಸುಮಾರು 2,000 ಸಾಮಾನ್ಯ ಪದಗಳಲ್ಲೇ ಎಲ್ಲವನ್ನೂ ವಿವರಿಸುತ್ತದೆ. ಇಂಥದ್ದರಲ್ಲಿ ಹುಡುಕಿದರೆ ‘ಶಫಲ್’ ಎಂದರೆ ಪಾದ ಎತ್ತದೆ ಎಳೆದುಕೊಂಡು ಹೋಗುವುದು, ‘ಟ್ರಡ್ಜ್’ ಎಂದರೆ ದಣಿದು ಭಾರವಾದ ಹೆಜ್ಜೆ ಹಾಕುವುದು ಎಂದು ಬೇರ್ಪಡಿಸಿ ಹೇಳುತ್ತವೆ. ಇನ್ನೂ ಮುಖ್ಯವಾದದ್ದು ಉದಾಹರಣೆ ವಾಕ್ಯಗಳು. ನಾವು ‘ಕುಂಟುತ್ತಾ ಹೊರಗೆ ಹೋದ’ ಎನ್ನುತ್ತೇವೆ: ಹೋಗುವುದು ಕ್ರಿಯೆ, ಕುಂಟುವುದು ಅದರ ರೀತಿ. ಇಂಗ್ಲಿಷಿನಲ್ಲಿ ರೀತಿಯೇ ಕ್ರಿಯಾಪದವಾಗಿ, ದಿಕ್ಕು ಒಂದು ಪುಟ್ಟ ಪದಕ್ಕಿಳಿಯುತ್ತದೆ: ‘ಲಿಂಪ್ಡ್ ಔಟ್’. ಭಾಷೆಗಳ ಈ ವ್ಯತ್ಯಾಸವನ್ನು ಲಿಯೊನಾರ್ಡ್ ಟಾಲ್ಮಿ ಎಂಬ ಭಾಷಾವಿಜ್ಞಾನಿ ವಿವರವಾಗಿ ಬರೆದಿದ್ದಾರೆ. ‘ವೆಂಟ್ ಔಟ್ ಲಿಂಪಿಂಗ್’ ಎಂದು ಬರೆಯುವ ನಮ್ಮ ಅಭ್ಯಾಸ ಬಿಡಿಸಿದ್ದು ಈ ವಾಕ್ಯಗಳೇ.

ಅರ್ಥ ಮೈಗೆ ಹತ್ತಿಸಿದ್ದು ಮಾತ್ರ ಅಭಿನಯ. ಮೈಯಲ್ಲಾಡಿ ಭಾಷೆ ಕಲಿಯುವ ಈ ವಿಧಾನವನ್ನು 1960ರ ದಶಕದಲ್ಲಿ ಜೇಮ್ಸ್ ಆಶರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಬೆಳೆಸಿದರು. ಅಲ್ಲಿ ಮೇಷ್ಟರು ಹೇಳಿದ್ದನ್ನು ಮಕ್ಕಳು ಮಾಡಬೇಕು. ನಾವು ಅದನ್ನು ತಿರುವಿದೆವು: ಒಂದನ್ನೊಂದು ಹೋಲುವ ಮೂರು ಪದ ಚೀಟಿಯಲ್ಲಿ ಬರೆದು, ಒಬ್ಬರು ಒಂದನ್ನು ನಡೆದು ತೋರಿಸುವುದು, ಇನ್ನೊಬ್ಬರು ಯಾವುದೆಂದು ಹೇಳುವುದು. ‘ಲಿಂಪ್’ ಮತ್ತು ‘ಹಾಬಲ್’ ನಡುವೆ ಅವಳಿಗೂ ನನಗೂ ಜಗಳವೇ ಆಯಿತು. ಇಂಗ್ಲಿಷ್ ಬಾರದ ನಮ್ಮಮ್ಮ ಕುರ್ಚಿಯಲ್ಲಿ ಕೂತೇ, “ಅದು ಒಂದು ಕಾಲು ಉಳುಕಿದವರ ನಡಿಗೆ ಕಣೇ, ಇದು ಎರಡೂ ಮಂಡಿ ನೋವಿರೋರದು” ಎಂದು ತೀರ್ಪು ಕೊಟ್ಟರು. ನಿಘಂಟು ನೋಡಿದರೆ ಬಹುಮಟ್ಟಿಗೆ ಅವರೇ ಸರಿ. ಜಗಳವಾದ ಪದ ಮರೆಯುವುದಿಲ್ಲ. ಆದರೆ ನಿಘಂಟು ಪಕ್ಕದಲ್ಲಿಲ್ಲದಿದ್ದರೆ ಇಬ್ಬರೂ ಸೇರಿ ತಪ್ಪನ್ನೇ ಗಟ್ಟಿಮಾಡಿಕೊಳ್ಳುವ ಅಪಾಯವಿದೆ.

ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರವಿರುವ ಕಾರ್ಡುಗಳನ್ನು ತೋರಿಸುವ ಆಂಕಿಯಂಥ ಆ್ಯಪ್‌ಗಳು ಕಲಿತದ್ದನ್ನು ಉಳಿಸಿಕೊಳ್ಳಲು ಒಳ್ಳೆಯವು. ನೆನಪಿದ್ದ ಪದ ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಬರುತ್ತದೆ. ಕಂಪ್ಯೂಟರ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ಆಂಕಿ ಉಚಿತ. ಹೊಸ ಪದ ಕಲಿಸುವ ಕೆಲಸ ಮಾತ್ರ ಕಾರ್ಡಿನದಲ್ಲ. ಕಾರ್ಡಿನ ಮೇಲೆ ಒಂಟಿ ಪದದ ಬದಲು ಖಾಲಿ ಜಾಗ ಬಿಟ್ಟ ಇಡೀ ವಾಕ್ಯ ಹಾಕುವುದು ವಾಸಿ.

ನಮ್ಮನೆಯಲ್ಲಿ ಗೆದ್ದದ್ದು ಅಭಿನಯ, ಹತ್ತಿರದ ಎರಡನೆಯದು ಕಲಿಯುವವರ ನಿಘಂಟು. ಅಭಿನಯಕ್ಕೂ ದಕ್ಕದ ಪದಗಳಿವೆ. ‘ವಾಂಡರ್’ ಮಾಡಿ ತೋರಿಸಿದರೆ ನೋಡುವವರು ‘ಸ್ಟ್ರೋಲ್’ ಎನ್ನುತ್ತಾರೆ, ಏಕೆಂದರೆ ಗೊತ್ತುಗುರಿಯಿಲ್ಲದಿರುವುದು ಕಾಲಿನಲ್ಲಿ ಕಾಣುವುದಿಲ್ಲ. ‘ಮಾರ್ಚ್’ ಎಂದರೆ ತಂಗಿಯ ಮಗಳು ಸಿಪಾಯಿಯಾಗಿಬಿಡುತ್ತಾಳೆ. ಕಾದಂಬರಿಗಳಲ್ಲಾದರೆ ಸಿಟ್ಟಿಗೆದ್ದ ತಾಯಿಯೂ ಹೆಡ್‌ಮಾಸ್ಟರ ಕೋಣೆಗೆ ‘ಮಾರ್ಚ್’ ಮಾಡುತ್ತಾಳೆ. ಇಂಥವಕ್ಕೆ ಉದಾಹರಣೆ ವಾಕ್ಯಗಳೇ ಗತಿ.