ಅಗ್ಗದ ಪ್ರೊಜೆಕ್ಟರ್, 14 ತಿಂಗಳು, ಮತ್ತು ಒಂದಷ್ಟು ಭಾಗ ಎರಡುಗಳು

ಮೊದಲೇ ಹೇಳಿಬಿಡುತ್ತೇನೆ, ಈ ಪ್ರೊಜೆಕ್ಟರಿನ ಫ್ಯಾನ್ ಸದ್ದು ಮಾಡುತ್ತದೆ. ಸಣ್ಣ ಸದ್ದಲ್ಲ. ನಮ್ಮ ಓಣಿಯ ಹಿಟ್ಟಿನ ಗಿರಣಿ ರಾತ್ರಿ ಪಾಳಿಗೆ ನಮ್ಮ ಮನೆಗೇ ಬಂದಂತಿರುತ್ತದೆ. ಡಬ್ಬದ ಮೇಲೆ ಬರೆದಿದ್ದೆಲ್ಲ ನೀವೂ ನೋಡಿರುತ್ತೀರಿ, ಅದನ್ನು ಬಿಡಿ. ಆದರೆ ಈ ಸದ್ದಿನ ಬಗ್ಗೆ ಡಬ್ಬದಲ್ಲಿ ಒಂದಕ್ಷರ ಇಲ್ಲ. ನನ್ನ ಬಜೆಟ್ ಹತ್ತು ಸಾವಿರದ ಒಳಗೆ. ದೊಡ್ಡ ಟಿವಿ ತಗೊಳ್ಳೋಕೆ ಹಾಲ್‌ನಲ್ಲಿ ಗೋಡೆಯೇ ಇಲ್ಲ, ಒಂದು ಕಡೆ ದೇವರ ಕೋಣೆ ಬಾಗಿಲು, ಇನ್ನೊಂದು ಕಡೆ ಫ್ರಿಜ್ಜು. ಹಾಗಾಗಿ ಇದು.

ನಮ್ಮದು ದಾವಣಗೆರೆ. ಮನೆಯಲ್ಲಿ ಅವ್ವ, ನಾನು, ನನ್ನಾಕೆ, ಆರನೇ ಕ್ಲಾಸಿನ ಮಗಳು. ನಾಲ್ಕು ಜನ ಮಲ್ಟಿಪ್ಲೆಕ್ಸಿಗೆ ಹೋಗಿ, ಮಧ್ಯೆ ಪಾಪ್‌ಕಾರ್ನ್ ತಿಂದು ಬಂದರೆ ವಾರದ ತರಕಾರಿ, ಹಾಲಿನ ದುಡ್ಡು ಅಲ್ಲೇ ಮುಗಿಯುತ್ತದೆ. 2025ರ ಅಕ್ಟೋಬರ್ 2ಕ್ಕೆ ಬಂದ 'ಕಾಂತಾರ ಚಾಪ್ಟರ್ 1' ಒಂದನ್ನು ಮಾತ್ರ ಥಿಯೇಟರಲ್ಲೇ ನೋಡಿದೆವು, ಅದನ್ನು ಹಾಗೇ ನೋಡಬೇಕು ಅಂತ ಮಗಳ ಹಟ. ಉಳಿದದ್ದೆಲ್ಲ ಶನಿವಾರ ರಾತ್ರಿ ಮನೆಯಲ್ಲೇ.

ಶನಿವಾರದ ಕೆಲಸ ಸಂಜೆ ಆರಕ್ಕೇ ಶುರುವಾಗುತ್ತದೆ. ಪರದೆ ಅಂತ ಬೇರೆ ತಂದಿಲ್ಲ. ಅಪ್ಪನ ಒಂದು ಬಿಳಿ ಪಂಚೆ ಬೀರುವಿನಲ್ಲಿ ಹಾಗೇ ಇತ್ತು. ಅವ್ವ ಅದನ್ನು ಯಾರಿಗೂ ಕೊಟ್ಟಿರಲಿಲ್ಲ, ಒರೆಸೋ ಬಟ್ಟೆ ಮಾಡೋಕೂ ಬಿಟ್ಟಿರಲಿಲ್ಲ. ಸಿನಿಮಾಕ್ಕೆ ಅಂದಾಗ ಮಾತಾಡದೆ ತೆಗೆದುಕೊಟ್ಟಳು. ಅದಕ್ಕೆ ಸ್ವಲ್ಪ ನೀರು ಚಿಮುಕಿಸಿ ಇಸ್ತ್ರಿ ಹಾಕಬೇಕು, ಇಲ್ಲದಿದ್ದರೆ ಹೀರೋ ಮುಖದ ಮೇಲೆ ಮಡಿಕೆ ಗೆರೆ ಬರುತ್ತದೆ. ಮೇಲಿನ ಎರಡು ತುದಿ ಮೊಳೆಗೆ, ಕೆಳಗೆ ಬಟ್ಟೆ ಕ್ಲಿಪ್ಪಿನಲ್ಲಿ ಎರಡು ಹಳೇ ಬೀಗ ತೂಗು ಹಾಕಿದರೆ ಪಂಚೆ ಬಿಗಿಯಾಗಿ ನಿಲ್ಲುತ್ತದೆ. ಎಡಗಡೆ ಜರಿ ಅಂಚು ಹಾಗೇ ಕಾಣುತ್ತದೆ, ಎಲ್ಲ ಸಿನಿಮಾಕ್ಕೂ ಜರಿ ಅಂಚು. ಆಮೇಲೆ ನಾನು ಗಾಡಿ ತಗೊಂಡು ಹೋಗಿ ಮಸಾಲೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತೇನೆ. ಮಿರ್ಚಿ ಬಿಸಿ ಇರುವಾಗಲೇ ಪೇಪರ್ ಬಿಚ್ಚಿಬಿಡಬೇಕು, ಇಲ್ಲದಿದ್ದರೆ ಬೆವರಿ ಮೆತ್ತಗಾಗುತ್ತದೆ. ಪ್ರೊಜೆಕ್ಟರ್ ಕೂರುವುದು ಇಸ್ತ್ರಿ ಟೇಬಲ್ ಮೇಲೆ. ಕೆಳಗೆ ಎರಡು ಸಮಾಜ ಪಠ್ಯಪುಸ್ತಕ ಇಟ್ಟರೆ ಎತ್ತರ ಸರಿಯಾಗುತ್ತದೆ, ಮೂರಿಟ್ಟರೆ ಹೀರೋಗಳ ತಲೆ ಪಂಚೆ ದಾಟಿ ಗೋಡೆಗೆ ಹೋಗುತ್ತದೆ.

ಮೊದಲ ವಾರ ಫೋನಿನಿಂದ ನೇರ ಹಾಕೋಕೆ ನೋಡಿದೆ. ದನಿಯೊಂದೇ ಕೇಳಿಸಿತು, ಚಿತ್ರ ಪೂರ್ತಿ ಕಪ್ಪು. ಯಂತ್ರ ಕೆಟ್ಟಿದೆ ಅಂದುಕೊಂಡು ಅಂಗಡಿಯವನಿಗೆ ನಾಲ್ಕು ಮಾತು ಬೈದೂಬಿಟ್ಟೆ. ಕೆಟ್ಟಿರಲಿಲ್ಲ. ದುಡ್ಡು ಕೊಟ್ಟು ನೋಡುವ ಆಪ್‌ಗಳು ಕಳ್ಳ ಕಾಪಿ ಆಗದಿರಲಿ ಅಂತ ಫೋನಿನ ಪರದೆಯನ್ನು ಹೀಗೆ ಬೇರೆ ಕಡೆ ತೋರಿಸೋಕೆ ಬಿಡುವುದಿಲ್ಲವಂತೆ. ಆಮೇಲೆ ಪ್ರೊಜೆಕ್ಟರಿಗೇ ಚುಚ್ಚಿ ಆಪ್ ನೋಡುವ ಸ್ಟಿಕ್ ಒಂದನ್ನು ಬೇರೆ ತಂದೆ. ಅಲ್ಲಿಗೆ ಹತ್ತು ಸಾವಿರದ ಲೆಕ್ಕವೂ ಹೋಯಿತು.

ಈಗ ಸಿನಿಮಾ ವಿಷಯ. ನನಗೊಂದು ಕೆಟ್ಟ ಚಟ ಇದೆ, ಭಾಗ ಎರಡು ಅಂದರೆ ಬಿಡುವುದಿಲ್ಲ. ಚೆನ್ನಾಗಿಲ್ಲ ಅಂತ ಹತ್ತು ಜನ ಹೇಳಿದರೂ ನೋಡಲೇಬೇಕು. ಥಿಯೇಟರಲ್ಲಿ ತಪ್ಪಿದ್ದನ್ನೆಲ್ಲ ಈ ಡಬ್ಬದಲ್ಲಿ ಸಾಲಾಗಿ ನೋಡಿದೆ. ನೋಡನೋಡುತ್ತಾ ಒಂದು ವಿಚಿತ್ರ ಗೊತ್ತಾಯಿತು, ನನಗೆ ಯಾವ ಸಿನಿಮಾ ಇಷ್ಟ ಆಗಬೇಕು ಅಂತ ಅರ್ಧ ಈ ಫ್ಯಾನೇ ತೀರ್ಮಾನ ಮಾಡುತ್ತಿದೆ.

'ಕೆ.ಜಿ.ಎಫ್ 2' ತಗೊಳ್ಳಿ. ಗಣಿ, ಮಸಿ, ಹೊಗೆ, ಕತ್ತಲು, ಆ ಸಿನಿಮಾದ ಅರ್ಧ ಬಣ್ಣವೇ ಕಪ್ಪು. ಅಗ್ಗದ ಪ್ರೊಜೆಕ್ಟರಿಗೆ ಕಪ್ಪು ಅನ್ನೋದೇ ಬರುವುದಿಲ್ಲ. ಬೆಳಕು ಬಿಡುವುದಷ್ಟೇ ಅದಕ್ಕೆ ಗೊತ್ತು, ಪೂರ್ತಿ ತಡೆಯೋಕೆ ಬರಲ್ಲ. ಹಾಗಾಗಿ ಕಪ್ಪೆಲ್ಲ ಬೂದಿ. ಯಶ್ ಒಬ್ಬರೇ ನಿಂತಿದ್ದಾರೋ, ಹಿಂದೆ ಐನೂರು ಜನ ಇದ್ದಾರೋ ಗೊತ್ತಾಗಲಿಲ್ಲ. ಅವ್ವ ಕೇಳಿದಳು, "ಕರೆಂಟ್ ಹೋಗೈತೇನ್ಲೇ ಅವ್ರ ಊರಾಗೆ?" ಆದರೆ ಪ್ರೊಜೆಕ್ಟರ್ ತಪ್ಪನ್ನು ಪಕ್ಕಕ್ಕಿಟ್ಟು ಹೇಳುತ್ತೇನೆ, ನನಗೆ 2018ರ ಮೊದಲ ಭಾಗವೇ ಇಷ್ಟ. ಅಲ್ಲಿ ಹೀರೋಗೆ ಏನೂ ಇರಲಿಲ್ಲ, ಸಿಕ್ಕಿಬಿದ್ದರೆ ಸತ್ತ ಅನ್ನೋ ಭಯ ಇತ್ತು. ಎರಡರಲ್ಲಿ ಅವನು ಮೊದಲ ನಿಮಿಷದಲ್ಲೇ ಗೆದ್ದಾಗಿದೆ. ಗೆದ್ದವನು ಮತ್ತೆ ಗೆಲ್ಲುವುದನ್ನು ಎಷ್ಟು ಹೊತ್ತು ನೋಡೋದು? ಕಥೆ ಹೇಳೋಕೆ ಅನಂತ್ ನಾಗ್ ಬದಲು ಪ್ರಕಾಶ್ ರಾಜ್ ಬಂದಿದ್ದೂ ನನಗೆ ಒಗ್ಗಲಿಲ್ಲ. ಪ್ರಕಾಶ್ ರಾಜ್ ಮೇಲೆ ಸಿಟ್ಟಿಲ್ಲ. ಆದರೆ ಅಜ್ಜ ಅರ್ಧ ಕಥೆ ಹೇಳಿ ಎದ್ದು ಹೋದರೆ ಹೇಗಿರುತ್ತೆ, ಹಾಗನಿಸಿತು.

'ಇಂಡಿಯನ್ 2' ಬಗ್ಗೆ ಜಾಸ್ತಿ ಮಾತಿಲ್ಲ. 1996ರ ಸಿನಿಮಾಕ್ಕೆ 2024ರಲ್ಲಿ ಮುಂದುವರಿಕೆ, ಅದರ ಕೊನೆಯಲ್ಲಿ ಮೂರನೆಯದರ ಟ್ರೇಲರ್. ಊಟಕ್ಕೆ ಕರೆದು ಎಲೆ ಹಾಕಿ, ನಾಳಿನ ಅಡುಗೆ ಏನು ಅಂತ ಹೇಳಿ ಕಳಿಸಿದ ಹಾಗೆ. ನನ್ನಾಕೆ ಅರ್ಧಕ್ಕೇ ಎದ್ದು ಮಂಡಕ್ಕಿ ಬೋಗಣಿ ತೊಳೆಯೋಕೆ ಹೋದಳು. ಅವಳು ತಾನಾಗಿ ಪಾತ್ರೆ ತೊಳೆಯೋಕೆ ಎದ್ದಳು ಅಂದರೆ ಸಿನಿಮಾ ಹೇಗಿತ್ತು ಅಂತ ಬೇರೆ ಹೇಳಬೇಕಿಲ್ಲ.

'ಮುಂಗಾರು ಮಳೆ 2' ನೋಡಿದ ದಿನ ಹೊರಗೂ ನಿಜವಾದ ಮಳೆ. ಮೊದಲನೆಯದು 2006ರ ಡಿಸೆಂಬರಿನಲ್ಲಿ ಬಂದಾಗ ನಾನು ಕಾಲೇಜು. ಎಷ್ಟು ಸಲ ನೋಡಿದೆ ಅಂತ ಅವ್ವನ ಮುಂದೆ ಇವತ್ತಿಗೂ ಹೇಳಿಲ್ಲ, ಫೀಸಿನ ದುಡ್ಡಿನ ವಿಷಯ ಅದು. ಎರಡರಲ್ಲಿ ಗಣೇಶ್ ಇದ್ದಾರೆ, ಅಪ್ಪನಾಗಿ ರವಿಚಂದ್ರನ್ ಇದ್ದಾರೆ, ಮಳೆಯೂ ಇದೆ. ಇಲ್ಲದಿರೋದು ಆ ಹುಡುಗನ ಪೆದ್ದುತನ. ಮೊದಲನೆಯದರಲ್ಲಿ ಅವನು ಒಂದು ಮೊಲ ಹಿಡ್ಕೊಂಡು ದೇವದಾಸ ಅಂತ ಹೆಸರಿಟ್ಟು ಅದರ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದ. ಕಿಸೆ ಖಾಲಿ ಇದ್ದ ನಮಗೆಲ್ಲ ಅವನು ನಮ್ಮವನೇ ಅನಿಸಿದ್ದ. ಎರಡನೆಯದರ ಹುಡುಗನಿಗೆ ಎಲ್ಲವೂ ಬೇಗ ಬೇಜಾರಾಗುತ್ತದೆ. ನಮಗೂ ಅಷ್ಟೇ ಬೇಗ ಆಯಿತು. ಮಗಳು ಮಾತ್ರ, "ಪಪ್ಪಾ, ಇದರಲ್ಲಿ ಮೊಲ ಯಾಕಿಲ್ಲ?" ಅಂತ ಕೇಳಿದಳು. ಮೊದಲನೆಯದನ್ನು ಅವಳಿಗೆ ತೋರಿಸಿದ್ದೇ ತಪ್ಪಾಯಿತು, ಕೊನೆಯಲ್ಲಿ ಮೊಲ ಸತ್ತಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

'ಗಾಳಿಪಟ 2' ಇನ್ನೂ ಕಷ್ಟದ ಕೇಸು. ನಿರ್ದೇಶಕ ಯೋಗರಾಜ್ ಭಟ್ಟರದೇ ಸಿನಿಮಾ, ಗಣೇಶ್, ದಿಗಂತ್ ಇಬ್ಬರೂ ಇದ್ದಾರೆ, ಮೊದಲ ಭಾಗದ ರಾಜೇಶ್ ಕೃಷ್ಣನ್ ಜಾಗಕ್ಕೆ ಪವನ್ ಕುಮಾರ್. ಅನಂತ್ ನಾಗ್ ಮೇಷ್ಟ್ರಾಗಿದ್ದಾರೆ. ಮೇಷ್ಟ್ರು ಇರುವಷ್ಟು ಹೊತ್ತು ನಾನು ಮಂಡಕ್ಕಿಗೂ ಕೈ ಹಾಕಲಿಲ್ಲ. ಅವರು ಸುಮ್ನೆ ಕೂತು ಒಂದು ಮಾತು ಹೇಳಿದರೂ ಸಾಕು. ಆಮೇಲೆ ಒಬ್ಬೊಬ್ಬರ ಕಥೆ ಒಂದೊಂದು ದಿಕ್ಕಿಗೆ ಹೋಗುತ್ತದೆ, ಕೊನೆಗೆ ಹಿಮ ಬೀಳೋ ಜಾಗಕ್ಕೂ ಹೋಗುತ್ತದೆ. ಮೂರು ಸಿನಿಮಾದ ದಾರ ಒಂದೇ ಪಟಕ್ಕೆ ಕಟ್ಟಿದರೆ ಏನಾಗುತ್ತೋ ಅದೇ ಆಗಿದೆ. ಬೇಜಾರೆಂದರೆ, ಮೇಷ್ಟ್ರು ಮೆಲ್ಲಗೆ ಮಾತಾಡುವ ಕಡೆಯೆಲ್ಲ ನನ್ನ ಫ್ಯಾನ್ ಜೋರಾಗಿ ಮಾತಾಡಿತು.

ಹೀಗೆ ಬೈಯುತ್ತಲೇ ನಾಲ್ಕೈದು ತಿಂಗಳು ಕಳೆದವು. ಅಷ್ಟರಲ್ಲಿ ಇನ್ನೊಂದು ಕಾಯಿಲೆ. ಮಾರ್ಚ್ ಧೂಳಿನಲ್ಲಿ ಯಂತ್ರದ ಒಳಗೆ ಏನೋ ಹೊಕ್ಕಿತು. ಪರದೆಯ ಬಲಗಡೆ ಮೇಲೆ ಒಂದು ಕಪ್ಪು ಚುಕ್ಕೆ, ಎಂಟಾಣೆ ಅಗಲ. ಈ ದರದ ಯಂತ್ರಗಳಲ್ಲಿ ಬೆಳಕು ಹಾಯುವ ದಾರಿಯನ್ನು ಪೂರ್ತಿ ಮುಚ್ಚಿರುವುದಿಲ್ಲ, ಫ್ಯಾನ್ ಎಳೆದ ಗಾಳಿಯ ಜೊತೆ ಧೂಳೂ ಒಳಗೆ ಹೋಗಿ ಒಳಗಿನ ಸಣ್ಣ ಪರದೆ ಮೇಲೆ ಕೂರುತ್ತದೆ. ಇಲ್ಲಿ ಕೂದಲೆಳೆಯಷ್ಟಿದ್ದದ್ದು ಪಂಚೆ ಮೇಲೆ ನಾಣ್ಯ. ಲೆನ್ಸ್ ಎಷ್ಟು ಒರೆಸಿದರೂ ಹೋಗಲಿಲ್ಲ. ನಾನು ತಲೆ ಚಚ್ಚಿಕೊಳ್ಳುತ್ತಿದ್ದರೆ ಅವ್ವ ಅಂದಳು, "ಇರ್ಲಿ ಬಿಡೋ. ಸಿನಿಮಾಕ್ಕೆ ದೃಷ್ಟಿ ಬೊಟ್ಟು ಇಟ್ಟಂಗೈತೆ."

ಅವತ್ತೇ ಅವ್ವ ತನಗೆ ಬೇಕಾದ್ದನ್ನು ಮೊದಲ ಸಲ ಬಾಯಿಬಿಟ್ಟು ಕೇಳಿದ್ದು. 'ಯಜಮಾನ' ಹಾಕು ಅಂದಳು. 2000ದ ಸಿನಿಮಾ, ವಿಷ್ಣುವರ್ಧನ್ ಎರಡು ಪಾತ್ರ, ತಮ್ಮಂದಿರಿಗೋಸ್ಕರ ಮದುವೆಯಾಗದೆ ಉಳಿದ ಅಣ್ಣ. ಇಂಥವನ್ನೆಲ್ಲ ನಾನು ಗೆಳೆಯರ ಮುಂದೆ ಗೇಲಿ ಮಾಡುವವನು. ಕಣ್ಣೀರಿನ ಕೊಡ, ಅತಿ ಒಳ್ಳೆಯತನ, ಅಂತೆಲ್ಲ. ಹಾಕಿದೆ. ಹಾಕಿದ ಕೂಡಲೇ ಪಂಚೆ ಬೆಳಗಿತು! ಆ ಕಾಲದ ಸಿನಿಮಾಗಳಲ್ಲಿ ಎಲ್ಲ ಕಡೆ ಬೆಳಕೋ ಬೆಳಕು. ರಾತ್ರಿ ದೃಶ್ಯದಲ್ಲೂ ಮುಖ ಸ್ಪಷ್ಟ. ಹಳದಿ ಸೀರೆ ಹಳದಿಯಾಗೇ ಕಾಣುತ್ತದೆ, ಯಾರೂ ಕತ್ತಲಲ್ಲಿ ಪಿಸುಗುಡುವುದಿಲ್ಲ, ಹೇಳುವುದನ್ನು ಇಡೀ ಊರಿಗೆ ಕೇಳೋ ಹಾಗೆ ಹೇಳುತ್ತಾರೆ. ಗಿರಣಿ ಸದ್ದನ್ನೂ ಮೀರಿ ಒಂದೊಂದು ಮಾತೂ ಕೇಳಿಸಿತು. ನನ್ನ ಪ್ರೊಜೆಕ್ಟರ್ ಇಂಥದಕ್ಕೇ ಹುಟ್ಟಿದ್ದು.

ಆಮೇಲೆ ಒಂದು ಶನಿವಾರ ಬಿಟ್ಟು ಒಂದು ಶನಿವಾರ ಅವ್ವನ ಪಾಳಿ. 'ಸೂರ್ಯವಂಶ' ಆಯಿತು. ಅಪ್ಪ ಮಗ ಎರಡೂ ವಿಷ್ಣುವರ್ಧನ್, ಓದು ಬಾರದ ಮಗ ಹೆಂಡತಿಯನ್ನು ಓದಿಸಿ ದೊಡ್ಡ ಅಧಿಕಾರಿ ಮಾಡುವ ಕಥೆ. ಹೆಂಡತಿಯನ್ನು ಓದಿಸಿದ್ದಕ್ಕೆ ನನ್ನಾಕೆ ನನ್ನ ಕಡೆ ಒಂದು ಸಲ ನೋಡಿದಳು, ಅವಳ ಬಿ.ಎಡ್. ಅರ್ಧಕ್ಕೆ ನಿಂತಿದೆ. ಆ ವಿಷಯ ಇಲ್ಲಿ ಬೇಡ.

ಹೇಳಿಕೊಳ್ಳೋಕೆ ನಾಚಿಕೆ, ನೋಡೋಕೆ ಖುಷಿ ಅಂದರೆ 'ಆಪ್ತರಕ್ಷಕ'. ಭಾಗ ಎರಡುಗಳ ಮೇಲೆ ಇಷ್ಟು ಸಿಡಿಮಿಡಿ ಮಾಡುವ ನಾನು ಇದನ್ನು ಮೂರು ಸಲ ನೋಡಿದ್ದೇನೆ. ಇದರ ಮೊದಲ ಭಾಗ, 2004ರ 'ಆಪ್ತಮಿತ್ರ', ನಿಜಕ್ಕೂ ಗಟ್ಟಿ ಸಿನಿಮಾ, ಸೌಂದರ್ಯ ಅವರ ಕಣ್ಣು ಒಂದೇ ಸಾಕು. 'ಆಪ್ತರಕ್ಷಕ' ಹಾಗಲ್ಲ. ನರ್ತಕಿ ನಾಗವಲ್ಲಿಯ ಚಿತ್ರಪಟ ಹೋದ ಮನೆಯಲ್ಲೆಲ್ಲ ಅನಾಹುತ, ಮಧ್ಯೆ ಗ್ರಾಫಿಕ್ಸ್ ಹಾವು. ಆ ಹಾವು ನೋಡಿ ಮಗಳು ಹೆದರಲಿಲ್ಲ, ಬಿದ್ದು ಬಿದ್ದು ನಕ್ಕಳು. ತರ್ಕ ಹುಡುಕಬೇಡಿ. ಆದರೆ ವಿಷ್ಣುವರ್ಧನ್ ಒಂದು ಕಡೆ ಡಾಕ್ಟರ್, ಇನ್ನೊಂದು ಕಡೆ ಕೇಡಿ ರಾಜ. ರಾಜನಾಗಿ ಬಂದಾಗ ಆ ಮನುಷ್ಯ ಎಷ್ಟು ಖುಷಿಯಿಂದ ಕೆಟ್ಟವನಾಗಿದ್ದಾರೆ ಅಂದರೆ ನಮಗೂ ಅಂಟಿಕೊಳ್ಳುತ್ತದೆ. ಅದು ಅವರ 200ನೇ ಸಿನಿಮಾ. ಅವರು ಹೋಗಿದ್ದು 2009ರ ಡಿಸೆಂಬರ್ 30, ಇದು ತೆರೆಗೆ ಬಂದಿದ್ದು ಮುಂದಿನ ಫೆಬ್ರವರಿಯಲ್ಲಿ. ಅಪ್ಪ ಅವ್ವನನ್ನು ಕರೆದುಕೊಂಡು ಹೋಗಿ ಥಿಯೇಟರಲ್ಲಿ ತೋರಿಸಿದ ಕೊನೇ ಸಿನಿಮಾ ಅದೇ ಅಂತೆ. ನನಗೆ ಗೊತ್ತೇ ಇರಲಿಲ್ಲ. ಎರಡನೇ ಸಲ ಹಾಕಿದಾಗ ಮಿರ್ಚಿ ಮುರಿಯುತ್ತಾ ಹಾಗೇ ಹೇಳಿದಳು, ಮುಂದೆ ಏನೂ ಹೇಳಲಿಲ್ಲ.

ಹೋದ ತಿಂಗಳು ಫ್ಯಾನ್ ಪೂರ್ತಿ ನಿಂತೇಹೋಯಿತು. ಎರಡು ನಿಮಿಷ ಚಿತ್ರ ಓಡಿತು, ಆಮೇಲೆ ಬಿಸಿಯಾಗಿ ಯಂತ್ರ ತಾನೇ ಬಂದ್. ವಾರಂಟಿ ಒಂದೇ ವರ್ಷ, ಎರಡು ತಿಂಗಳ ಹಿಂದೆ ಮುಗಿದಿತ್ತು. ಕಂಪನಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತ ಅರ್ಧ ಗಂಟೆ ಒತ್ತಿಸಿ ಲೈನ್ ಕಟ್ ಮಾಡಿದರು. ಕೊನೆಗೆ ಟಿವಿ ರಿಪೇರಿ ಮಾಡುವ ಹುಡುಗನೊಬ್ಬನಿಗೆ ಕೊಟ್ಟೆ. ಬಿಚ್ಚಿ, ಕಂಪ್ಯೂಟರಿಗೆ ಹಾಕುವ ಅಂಥದೇ ಅಳತೆಯ ಫ್ಯಾನ್ ಕೂರಿಸಿ, ಒಳಗಿನ ಧೂಳು ಊದಿ ಕೊಟ್ಟ. 450 ರೂಪಾಯಿ. ಹಾಕಿ ನೋಡಿದರೆ ಸದ್ದೇ ಇಲ್ಲ! ಅಂದರೆ 14 ತಿಂಗಳು ನಾನು ಅನುಭವಿಸಿದ್ದು ನೂರಿನ್ನೂರು ರೂಪಾಯಿ ಉಳಿಸೋಕೆ ಹಾಕಿದ ಕಳಪೆ ಫ್ಯಾನಿನ ಕಾಟ. ಇದಕ್ಕೆ ಒಂದು ಸ್ಟಾರ್ ಕಟ್ ಮಾಡಿದ್ದೇನೆ, ಕಟ್ ಮಾಡಿಯೇ ಇಡುತ್ತೇನೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ 'ಸಪ್ತ ಸಾಗರದಾಚೆ ಎಲ್ಲೋ' ಎರಡೂ ಭಾಗ ಮತ್ತೆ ನೋಡಿದೆ. ಬೆಳಗಿನ ಜಾವ ಆಯಿತು. ಹಿಂದೆ ನೋಡಿದಾಗ ಸೈಡ್ ಬಿ, ಅಂದರೆ ಎರಡನೇ ಭಾಗ, ಎಳೆದಿದ್ದಾರೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ. ಜೈಲಿನಿಂದ ಬಂದವನು ಹಳೇ ಹುಡುಗಿಯ ಸಂಸಾರದ ಹಿಂದೆ ಬಿದ್ದು ಅಲೆಯುವುದು ನನಗೆ ಸರಿಬಂದಿರಲಿಲ್ಲ, ಈಗಲೂ ಬಂದಿಲ್ಲ. ಸೈಡ್ ಎ ಅದಕ್ಕಿಂತ ಮೇಲು ಅನ್ನೋದೂ ಬದಲಾಗಿಲ್ಲ. ಆದರೆ ಕ್ಯಾಸೆಟ್ಟಿನಲ್ಲಿ ಅವಳ ದನಿ ಕೇಳುವ ಜಾಗ ಇದೆಯಲ್ಲ, ಅದು ನನಗೆ ಮೊದಲ ಸಲ ಕೇಳಿಸೇ ಇರಲಿಲ್ಲ. ದನಿ ಬರುವ ಮುಂಚೆ ಸ್ವಲ್ಪ ಹೊತ್ತು ಏನೂ ಇರುವುದಿಲ್ಲ. ಆ ಜಾಗವನ್ನೆಲ್ಲ ನನ್ನ ಗಿರಣಿ ತುಂಬಿಬಿಟ್ಟಿತ್ತು. ಎಳೆದಿದ್ದಾರೆ ಅಂತ ಯಾರ್ಯಾರಿಗೆ ಹೇಳಿದ್ದೆನೋ ಅವರಿಗೆಲ್ಲ ಫೋನ್ ಮಾಡೋಕಾಗುತ್ತಾ? ಇಲ್ಲೇ ಹೇಳುತ್ತಿದ್ದೇನೆ, ಅಷ್ಟೊಂದೇನೂ ಎಳೆದಿಲ್ಲ.

ತಗೊಳ್ಳೋದಾ ಬೇಡವಾ ಅಂತ ಕೇಳಿದರೆ, ಕತ್ತಲ ಸಿನಿಮಾ ನೋಡುವವರು ಬೇಡ, ಒಬ್ಬರೇ ಇರುವವರು ಬೇಡ. ಮನೆಯಲ್ಲಿ ವಯಸ್ಸಾದವರಿದ್ದರೆ, ರಿಪೇರಿ ಹುಡುಗನ ನಂಬರ್ ಇದ್ದರೆ, ತಗೊಳ್ಳಿ. ಐದಕ್ಕೆ ಮೂರು ಕೊಡುತ್ತೇನೆ.

ಮೊನ್ನೆ ಶನಿವಾರ ಅವ್ವನ ಪಾಳಿ. 'ಯಜಮಾನ' ಮತ್ತೆ. ಪಂಚೆ ಕಟ್ಟಿ, ಬೀಗ ತೂಗು ಹಾಕಿ ಶುರು ಮಾಡಿದೆ. ಅವ್ವ ಹತ್ತು ನಿಮಿಷ ನೋಡಿ ಬಲಗಡೆ ಮೇಲೆ ಕೈ ತೋರಿಸಿದಳು, "ಬೊಟ್ಟು ಎಲ್ಲಿ ಹೋತು?" ಹುಡುಗ ಒರೆಸಿದ ಅಂದೆ. "ಕೇಳ್ದೆ ಯಾಕ್ ಒರೆಸ್ದ ಅವ್ನು?" ಅಂದಳು.