ಡಾಂಗಲ್ ಬೇಕಾದ ಸಾಫ್ಟ್‌ವೇರ್ ಬಳಸುತ್ತೀರಾ? ಆರ್ಮ್ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಇದನ್ನು ಓದಿ

ಹಳೆಯ ಇಂಟೆಲ್ ಲ್ಯಾಪ್‌ಟಾಪ್ ಮಾರಿ, ಆರ್ಮ್ ಪ್ರೊಸೆಸರ್ (ಇಂಟೆಲ್‌ಗಿಂತ ಬೇರೆ ಬಗೆಯ ಚಿಪ್) ಇರುವ ವಿಂಡೋಸ್ 11 ಲ್ಯಾಪ್‌ಟಾಪ್ ತೆಗೆದುಕೊಂಡೆ. "ಎಮ್ಯುಲೇಶನ್ ಇದೆ, ಹಳೇದೆಲ್ಲಾ ಓಡುತ್ತೆ" ಅಂದರು ಮಾರಿದವರು. ನಂಬಿದೆ.

ಕಟ್ಟಡದ ನಕ್ಷೆ ಬಿಡಿಸುವ ನನ್ನ ಸಾಫ್ಟ್‌ವೇರ್ ಸಲೀಸಾಗಿ ಇನ್‌ಸ್ಟಾಲ್ ಆಯಿತು. ತೆರೆದರೆ ಲೈಸೆನ್ಸ್ ಕೀ ಸಿಗುತ್ತಿಲ್ಲ ಅನ್ನುವ ಸಂದೇಶ. ಆ ಕೀ ಇರುವುದು ಯುಎಸ್‌ಬಿ ಡಾಂಗಲ್‌ನಲ್ಲಿ, ಅಂದರೆ ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ಸಾಧನದಲ್ಲಿ. ಅದನ್ನು ಕಿತ್ತು ಮತ್ತೆ ಹಾಕಿದೆ, ಪೋರ್ಟ್ ಬದಲಿಸಿದೆ. ಅದರ ತುದಿಯ ಕೆಂಪು ದೀಪ ಹತ್ತಲೇ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಏನೋ ತೊಂದರೆ ಇದೆ ಅನ್ನುವ ಹಳದಿ ತ್ರಿಕೋನ. ಮರುದಿನ ಬೆಳಿಗ್ಗೆ ನಕ್ಷೆ ಕೊಡಬೇಕಿತ್ತು. ಕೈಕಾಲು ತಣ್ಣಗಾದವು.

ಕಾರಣ ಆಮೇಲೆ ಗೊತ್ತಾಯಿತು. ಇಂಟೆಲ್‌ಗಾಗಿ ಬರೆದ ಪ್ರೋಗ್ರಾಂನ ಸೂಚನೆಗಳನ್ನು ವಿಂಡೋಸ್ ತುಂಡು ತುಂಡಾಗಿ ಆರ್ಮ್ ಸೂಚನೆಗಳಿಗೆ ಬದಲಿಸಿ ಓಡಿಸುತ್ತದೆ, ಇದೇ ಎಮ್ಯುಲೇಶನ್. ಆದರೆ ಇದು ನಾವು ತೆರೆಯುವ ಅಪ್ಲಿಕೇಶನ್‌ಗಳಿಗೆ ಮಾತ್ರ. ಡಾಂಗಲ್‌ನ ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಂ) ಕೂರುವುದು ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೆ. ಅಲ್ಲಿಗೆ ಎಮ್ಯುಲೇಶನ್ ಇಲ್ಲ, ಆರ್ಮ್64ಕ್ಕೆಂದೇ (ಅಂದರೆ 64-ಬಿಟ್ ಆರ್ಮ್‌ಗೆ) ತಯಾರಿಸಿದ ಡ್ರೈವರ್ ಬೇಕು. ಹಳೆಯ ಸ್ಕ್ಯಾನರ್, ಪ್ರಿಂಟರ್‌ಗಳೂ ಇದೇ ಕಾರಣಕ್ಕೆ ಕೈಕೊಡಬಹುದು. ಮ್ಯಾಕ್‌ನವರೂ ನೋಡಿಕೊಳ್ಳಿ: ಅಲ್ಲಿ ಇಂಟೆಲ್ ಪ್ರೋಗ್ರಾಂಗಳನ್ನು ಓಡಿಸುವ ರೊಸೆಟ್ಟಾ 2 ಕೂಡ ಕರ್ನಲ್ ಎಕ್ಸ್‌ಟೆನ್ಷನ್‌ಗಳನ್ನು (ಕರ್ನಲ್ ಒಳಗೆ ಸೇರುವ ಡ್ರೈವರ್‌ನಂಥವನ್ನು) ಮುಟ್ಟುವುದಿಲ್ಲ.

ಕ್ಯೂಎಮು (QEMU) ಅನ್ನುವ ಎಮ್ಯುಲೇಟರ್ ಸಾಫ್ಟ್‌ವೇರ್‌ನಲ್ಲಿ ಇಡೀ ಇಂಟೆಲ್ ಕಂಪ್ಯೂಟರನ್ನೇ ಎಮ್ಯುಲೇಟ್ ಮಾಡಿ, ಒಳಗೊಂದು ವಿಂಡೋಸ್ ಹಾಕಿ ನೋಡಿದೆ. ಅಲ್ಲಿ ಕರ್ನಲ್ಲೂ ಎಮ್ಯುಲೇಶನ್‌ನಲ್ಲೇ ಓಡುವುದರಿಂದ ಡ್ರೈವರ್ ಕೂತಿತು, ಕೆಂಪು ದೀಪವೂ ಹತ್ತಿತು! ಆದರೆ ಮೌಸ್‌ನಲ್ಲಿ ಒಂದು ಗೆರೆ ಎಳೆದರೆ ಅದು ಮೂಡುವಷ್ಟರಲ್ಲಿ ಕೈ ಮುಂದಿನ ಗೋಡೆಗೆ ಹೋಗಿರುತ್ತಿತ್ತು. ಹಾಗೆ ಕೆಲಸ ಮಾಡಲಾಗುವುದಿಲ್ಲ. ರಾತ್ರಿಯಿಡೀ ಸುಮ್ನೆ ಹಾಳಾಯಿತು.

ಸಾಫ್ಟ್‌ವೇರ್ ಕಂಪನಿಗೆ ಬರೆದರೆ ಆರ್ಮ್64 ಡ್ರೈವರ್ ಇಲ್ಲ, ತರುವ ಯೋಚನೆಯೂ ಇಲ್ಲ ಎಂದರು. ದುಡ್ಡು ಕೊಟ್ಟು ಕೊಂಡ ಲೈಸೆನ್ಸ್, ಬೇಜಾರಾಗದೆ ಇರುತ್ತಾ?

ದಯವಿಟ್ಟು "ಓಡುತ್ತಾ" ಅಂತ ಮಾತ್ರ ಕೇಳಬೇಡಿ. "ಆರ್ಮ್64 ಡ್ರೈವರ್ ಇದೆಯಾ" ಅಂತ ಕೇಳಿ, ಸಾಫ್ಟ್‌ವೇರ್ ಮಾಡಿದವರಿಂದಲೇ ಬರಹದಲ್ಲಿ ಉತ್ತರ ಪಡೆಯಿರಿ. ಮಾಮೂಲಿ ಪೆನ್‌ಡ್ರೈವ್, ಕೀಬೋರ್ಡ್‌ಗಳ ಚಿಂತೆ ಬೇಡ, ಅವುಗಳ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ. ಮುಖ್ಯವಾಗಿ, ನಿಮ್ಮದೇ ಡಾಂಗಲ್ ಹಾಕಿ, ನಿಮ್ಮದೇ ಫೈಲ್ ತೆರೆದು ನೋಡುವ ತನಕ ಹಳೆಯ ಯಂತ್ರ ಮಾರಬೇಡಿ.

ಆ ನಕ್ಷೆ ಎರಡು ದಿನ ತಡವಾಗಿ ಹೋಯಿತು, ಗೆಳೆಯನ ಹಳೆಯ ಇಂಟೆಲ್ ಲ್ಯಾಪ್‌ಟಾಪ್‌ನಿಂದ. ಡಾಂಗಲ್ ಈಗಲೂ ಅದರಲ್ಲೇ ಇದೆ.