ಹೊಟ್ಟೆ ಕೆಟ್ಟಾಗ ಯಾವುದು ಕೈ ಹಿಡಿಯಿತು: ಅಜವಾನ, ಸೋಡಾ, ಟೆಟ್ರಾ ಪ್ಯಾಕ್, ಓಆರ್‌ಎಸ್ ಪುಡಿ

ಮೇ ತಿಂಗಳಲ್ಲಿ ಗದಗಿನಲ್ಲೊಂದು ಮದುವೆ. ಬೆಳಿಗ್ಗೆ ಮಾಡಿದ ಅಡುಗೆ, ಮೂರು ಗಂಟೆಯ ಪಂಕ್ತಿಯಲ್ಲಿ ನಮ್ಮ ಎಲೆಗೆ ಬಂತು. ಆ ಬಿಸಿಲಿಗೆ ಕೆಡದೆ ಇರುತ್ತದಾ? ಹುಬ್ಬಳ್ಳಿಗೆ ಬಂದು ಮಲಗುವಷ್ಟರಲ್ಲಿ ನನಗೂ 9 ವರ್ಷದ ಮಗಳಿಗೂ ಹೊಟ್ಟೆ ತೊಳಸಲು ಶುರು. ರಾತ್ರಿಯಿಡೀ ವಾಂತಿ, ಭೇದಿ. ಮುಂದಿನ ಎರಡು ದಿನ ಏನೇನೋ ಕುಡಿದು ನೋಡಿದೆವು. ಈಗ ನಮ್ಮ ಮನೆಯ ಔಷಧಿ ಡಬ್ಬಿಯಲ್ಲಿ ಖಾಯಂ ಇರುವುದು ಓಆರ್‌ಎಸ್ ಪುಡಿ ಮಾತ್ರ, ಅಂದರೆ ವಾಂತಿ-ಭೇದಿಯಲ್ಲಿ ಹೋದ ನೀರು, ಉಪ್ಪು ತುಂಬಲು ನೀರಿಗೆ ಕಲಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿ.

"ಅಜವಾನ ಜಗಿ, ಹೊಟ್ಟಿ ಹಗರಾಕ್ಕೈತಿ" ಎಂದಳು ಅವ್ವ. ಗ್ಯಾಸಿಗೆ ಅದು ಒಳ್ಳೆಯದೇ, ಈಗಲೂ ಮಿರ್ಚಿ ತಿಂದ ದಿನ ಜಗಿಯುತ್ತೇನೆ. ಆದರೆ ಅದರಿಂದ ವಾಂತಿ ನಿಲ್ಲಲಿಲ್ಲ. ಸೋಡಾದಿಂದ ತೇಗು ಬಂತು, ಅಷ್ಟೇ. ಶುಂಠಿ ಚೂರಿಗೆ ಉಪ್ಪು ಹಚ್ಚಿ ಚೀಪಿದರೆ ವಾಕರಿಕೆ ಸ್ವಲ್ಪ ತಗ್ಗುತ್ತದೆ. ಆದರೆ ಹೋದ ನೀರು, ಉಪ್ಪು ಅದರಿಂದ ವಾಪಸ್ ಬರುವುದಿಲ್ಲ.

ನನಗೆ ಸಿಟ್ಟು ಬಂದಿದ್ದು ಅಂಗಡಿಯಲ್ಲಿ ಸಿಗುವ ಟೆಟ್ರಾ ಪ್ಯಾಕ್ ಪಾನೀಯದ ಮೇಲೆ. ಡಬ್ಬಿಯ ಮೇಲೆ ದೊಡ್ಡದಾಗಿ ಓಆರ್‌ಎಸ್ ಅಂತ ಇತ್ತು, ನಂಬಿ ತಂದೆ. ಸಿಹಿ ಇತ್ತಲ್ವಾ, ಮಗಳು ಖುಷಿಯಿಂದ ಎರಡು ಕುಡಿದಳು. ಭೇದಿ ಇನ್ನೂ ಜಾಸ್ತಿಯಾಯಿತು. ಹಿಂದೆ ಸಣ್ಣ ಅಕ್ಷರ ಓದಿದರೆ ಬರೀ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಸಕ್ಕರೆ ಹೆಚ್ಚಾದರೆ ಕರುಳು ನೀರನ್ನು ಹೀರಿ ಮೈಗೆ ಕೊಡುವ ಬದಲು ಮೈಯ ನೀರನ್ನೇ ತನ್ನೊಳಗೆ ಎಳೆದುಕೊಳ್ಳುತ್ತದೆ, ಭೇದಿ ಹೆಚ್ಚುತ್ತದೆ. ಈ ಅಳತೆಯಿಲ್ಲದ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ಆದರೂ ಹಿಂದಿನ ಅಕ್ಷರ ಓದಿಯೇ ಕೊಳ್ಳಿ.

ಪುಡಿಯಲ್ಲೂ ಒಂದು ತೊಡಕಿದೆ. ದೊಡ್ಡ ಪ್ಯಾಕೆಟ್ ಇಡಿಯಾಗಿ ಒಂದು ಲೀಟರ್ ನೀರಿಗೆ. ಗಡಿಬಿಡಿಯಲ್ಲಿ ನನ್ನ ಹೆಂಡತಿ ಅದನ್ನು ಎರಡು ಲೋಟ ನೀರಿಗೆ ಕಲಸಿದಳು. ಉಪ್ಪುಪ್ಪಾಗಿತ್ತು, ಮಗಳು ಒಂದು ಗುಟುಕಿಗೇ ಕಕ್ಕಿದಳು. ಗಟ್ಟಿಯಾದರೆ ಅಪಾಯವೂ ಹೌದು. ಕಾಯಿಸಿ ಆರಿಸಿದ ನೀರನ್ನು ಲೀಟರ್ ಬಾಟಲಿಯಲ್ಲಿ ಅಳೆದು ಮತ್ತೆ ಕಲಸಿದೆ. ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ನೆ ಬಿಟ್ಟು, ಆಮೇಲೆ ಒಂದೊಂದೇ ಚಮಚ ಕುಡಿಸಿದೆ. ಈ ಸಲ ಉಳಿಯಿತು. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಬೇಕು.

ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ, ಹಾಗಾಗಿ ನನಗೆ ಇದು ಎರಡನೇ ಆಯ್ಕೆ. ಒಂದು ಟೆಟ್ರಾ ಪ್ಯಾಕಿನ ದುಡ್ಡಿಗೆ ನನಗೆ ಲೀಟರ್ ಲೆಕ್ಕದಲ್ಲಿ ಪುಡಿ ಸಿಕ್ಕಿತು. ಊರಿಂದ ಊರಿಗೆ ಬಸ್ಸಿನಲ್ಲಿ ಓಡಾಡುವ ನನಗೆ ಚೀಲದಲ್ಲಿ ಇಟ್ಟುಕೊಳ್ಳಲೂ ಸಲೀಸು.

ಭೇದಿಯಲ್ಲಿ ರಕ್ತ ಬಿದ್ದರೆ, ಮಗು ಮಂಕಾದರೆ, ಏಳೆಂಟು ಗಂಟೆ ಮೂತ್ರ ಹೋಗದಿದ್ದರೆ ಇದ್ಯಾವುದಕ್ಕೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಆ ರಾತ್ರಿ ನಾನು ಗಡಿಯಾರ ನೋಡುತ್ತಾ ಕೂತಿದ್ದೆ. ಬೆಳಗಿನ ಜಾವ ಮಗಳು ತಾನೇ ಎದ್ದು ಬಚ್ಚಲಿಗೆ ಹೋಗಿ ಬಂದು, "ಅಪ್ಪಾ, ಉಚ್ಚಿ ಬಂತು" ಎಂದಳು. ಹೋದ ಜೀವ ಬಂತು.